ಕ್ಯೂಎಸ್‌ಎಫ್‌ಪಿ ಮಾಡ್ಯೂಲ್ ನಿಯಂತ್ರಣ: ಐ2ಸಿ-ಡೆವ್, ಇಥ್‌ಟೂಲ್, ಆಪ್ಟೋಇ ಮೂರನ್ನೂ ಬಳಸಿ ನೋಡಿದ ಮೇಲೆ

ಕ್ಯೂಎಸ್‌ಎಫ್‌ಪಿ ಅಂದರೆ ಸ್ವಿಚ್ ಅಥವಾ ನೆಟ್‌ವರ್ಕ್ ಕಾರ್ಡಿನ ಪೋರ್ಟಿಗೆ ಸಿಕ್ಕಿಸುವ, ಫೈಬರ್‌ನಲ್ಲಿ ಬೆಳಕು ಕಳಿಸುವ ಮಾಡ್ಯೂಲ್. ಅದರೊಳಗೆ ಐ2ಸಿ ಬಸ್ (ಬೋರ್ಡಿನ ಚಿಪ್‌ಗಳು ಮಾತಾಡಿಕೊಳ್ಳುವ ಎರಡು ತಂತಿಯ ದಾರಿ) ಮೂಲಕ ಓದಬಹುದಾದ, ಬರೆಯಬಹುದಾದ ಒಂದು ಪುಟ್ಟ ಮೆಮೊರಿ ಇರುತ್ತದೆ. ತಾಪಮಾನ, ಬೆಳಕಿನ ಪವರ್, ತಯಾರಕರ ಹೆಸರು ಎಲ್ಲ ಅಲ್ಲೇ ಸಿಗುತ್ತವೆ. ಲೇಸರ್ ಆಫ್ ಮಾಡುವ ಬಿಟ್ ಕೂಡ ಅಲ್ಲೇ ಇದೆ. ಲಿನಕ್ಸ್‌ನಲ್ಲಿ ನಮ್ಮ ಪ್ರೋಗ್ರಾಂನಿಂದ ಅದನ್ನು ಮುಟ್ಟಲು ಮೂರು ದಾರಿ ಬಳಸಿ ನೋಡಿದ್ದೇನೆ. ಒಬ್ಬರೇ ಓದುತ್ತಿರುವಾಗ ಮೂರೂ ಚೆನ್ನಾಗಿಯೇ ಇವೆ. ಎರಡು ಪ್ರೋಗ್ರಾಂಗಳು ಒಟ್ಟಿಗೆ ಕೈ ಹಾಕಿದಾಗಲೇ ಯಾವುದರ ಯೋಗ್ಯತೆ ಎಷ್ಟು ಅಂತ ಗೊತ್ತಾಗುವುದು.

ಮೊದಲನೆಯದು ಐ2ಸಿ-ಡೆವ್, ಅಂದರೆ ಐ2ಸಿ ಬಸ್ಸನ್ನು ಪ್ರೋಗ್ರಾಂಗಳಿಗೆ ನೇರವಾಗಿ ತೆರೆದಿಡುವ ಲಿನಕ್ಸ್ ವ್ಯವಸ್ಥೆ. ಬಸ್ಸಿನ ಡಿವೈಸ್ ಫೈಲ್ ತೆರೆದು, ಹೆಕ್ಸ್ 50 ವಿಳಾಸಕ್ಕೆ ಮಾತಾಡಿದರೆ ಆಯಿತು. ಡ್ರೈವರ್ ಬರೆಯಬೇಕಿಲ್ಲ, ಯಾರನ್ನೂ ಕಾಯಬೇಕಿಲ್ಲ. ಆದರೆ ಈ ಮೆಮೊರಿ ಪುಟಗಳಾಗಿ ಹಂಚಿಕೊಂಡಿದೆ. ಕೆಳಗಿನ 128 ಬೈಟ್ ಯಾವಾಗಲೂ ಕಾಣುತ್ತವೆ. ಮೇಲಿನ 128 ಬೈಟ್‌ನಲ್ಲಿ ಯಾವ ಪುಟ ಕಾಣಬೇಕು ಅನ್ನುವುದನ್ನು 127ನೇ ಬೈಟ್ ಹೇಳುತ್ತದೆ. ತೊಂದರೆ ಇರುವುದು ಇಲ್ಲೇ. ಬೇಕೆಂದೇ ಎರಡು ಸ್ಕ್ರಿಪ್ಟ್ ಒಟ್ಟಿಗೆ ಓಡಿಸಿದೆ. ಒಂದು 0ನೇ ಪುಟದಲ್ಲಿ 148ನೇ ಬೈಟ್‌ನಿಂದ ತಯಾರಕರ ಹೆಸರು ಓದುತ್ತಿತ್ತು. ಇನ್ನೊಂದು 3ನೇ ಪುಟದ ಎಚ್ಚರಿಕೆ ಮಿತಿಗಳನ್ನು ಓದುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದವು. ಅವು ವೋಲ್ಟೇಜ್ ಮಿತಿಯ ಬೈಟ್‌ಗಳು. ಎರರ್ ಏನೂ ಇಲ್ಲ, ಸುಮ್ನೆ ತಪ್ಪು ಉತ್ತರ. ಓದುವಾಗ ಹೀಗಾದರೆ ಹೋಗಲಿ ಅನ್ನಬಹುದು, ಬರೆಯುವಾಗ ಹೀಗಾದರೆ ಬೇರೆ ಪುಟದ ಬೈಟ್ ಕೆಡುತ್ತದೆ, ಅಲ್ವಾ?

ಆ ವಿಳಾಸವನ್ನು ಕರ್ನಲ್ ಡ್ರೈವರ್ ಹಿಡಿದುಕೊಂಡಿದ್ದರೆ ಐ2ಸಿ-ಡೆವ್ 'ಬ್ಯುಸಿ' ಅಂತ ತಡೆಯುತ್ತದೆ. ಆದರೆ ಈ ತಡೆ ಇರುವುದು ಒಂದೇ ಬಾಗಿಲಲ್ಲಿ. ಹಲವು ಸಂದೇಶಗಳನ್ನು ಒಟ್ಟಿಗೆ ಕಳಿಸುವ ಇನ್ನೊಂದು ಐಒಕಂಟ್ರೋಲ್ ಕರೆ (ಪ್ರೋಗ್ರಾಂ ಡ್ರೈವರ್‌ಗೆ ಆದೇಶ ಕೊಡುವ ದಾರಿ) ಇದೆ, ಅದು ಈ ಪರೀಕ್ಷೆಯನ್ನೇ ಮಾಡುವುದಿಲ್ಲ. ಜತೆಗೆ ಸ್ವಿಚ್‌ಗಳಲ್ಲಿ ಅದೇ ಬಸ್ಸಿನ ಮೇಲೆ ಪವರ್ ರೆಗ್ಯುಲೇಟರ್, ಫ್ಯಾನ್ ಕಂಟ್ರೋಲರ್ ಇರುವುದೂ ಉಂಟು. ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೆ ಮಾಡ್ಯೂಲ್ ಬದಲು ಬೋರ್ಡಿಗೇ ಪೆಟ್ಟು. ನಾನು ಇದನ್ನು ಟೆಸ್ಟ್ ಬೆಂಚಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ನೆಟ್‌ವರ್ಕ್ ಪೋರ್ಟ್‌ಗಳನ್ನು ನೋಡಲು, ಬದಲಿಸಲು ಬಳಸುವ ಲಿನಕ್ಸ್ ಸಾಧನ ಇಥ್‌ಟೂಲ್ ಇದಕ್ಕೆ ಪೂರ್ತಿ ಉಲ್ಟಾ. ಲಿನಕ್ಸ್ 5.13ರಿಂದ ಯಾವ ಪುಟ, ಯಾವ ಆಫ್‌ಸೆಟ್ (ಪುಟದೊಳಗಿನ ಸ್ಥಾನ), ಎಷ್ಟು ಬೈಟ್ ಅಂತ ನೆಟ್‌ಲಿಂಕ್ (ಪ್ರೋಗ್ರಾಂ ಮತ್ತು ಕರ್ನಲ್ ಮಾತಾಡುವ ದಾರಿ) ಮೂಲಕ ಕೇಳಬಹುದು. ಪುಟ ಬದಲಿಸುವ ಕೆಲಸ ಡ್ರೈವರ್‌ನದು, ನಮ್ಮದಲ್ಲ. ಮುಖ್ಯವಾಗಿ, ಮಾಡ್ಯೂಲಿಗೆ ಮನಸ್ಸಿಗೆ ಬಂದ ಬೈಟ್ ಬರೆಯಲು ಅದು ಬಿಡುವುದೇ ಇಲ್ಲ. ಅರ್ಥವಿರುವ ಕೆಲಸಗಳನ್ನಷ್ಟೇ ಕೊಡುತ್ತದೆ. 5.16ರಲ್ಲಿ ಪವರ್ ಮೋಡ್ ಬಂತು. 'ಆಟೋ' ಅಂತ ಇಟ್ಟರೆ ಪೋರ್ಟ್ ಅಪ್ ಆದಾಗ ಮಾಡ್ಯೂಲ್ ಹೆಚ್ಚು ಪವರಿಗೆ ಹೋಗುತ್ತದೆ, ಡೌನ್ ಆದಾಗ ಇಳಿಯುತ್ತದೆ. 6.11ರಲ್ಲಿ ಮಾಡ್ಯೂಲಿನ ಫರ್ಮ್‌ವೇರ್ ಬದಲಿಸುವುದೂ ಬಂತು, ಇಂಟರ್‌ಫೇಸ್ ಅಪ್ ಇದ್ದರೆ ಅದು ಒಪ್ಪುವುದಿಲ್ಲ. ಇಂಥ ಕಾವಲನ್ನು ನಮ್ಮ ಸ್ಕ್ರಿಪ್ಟ್‌ನಲ್ಲಿ ನಾವೇ ಬರೆಯೋದು ಕಷ್ಟ. ಕೊರತೆ ಒಂದೇ: ನೆಟ್‌ವರ್ಕ್ ಡ್ರೈವರ್ ಬೆಂಬಲ ಕೊಟ್ಟಿರಬೇಕು. ಸರ್ವರಿನ ನೆಟ್‌ವರ್ಕ್ ಕಾರ್ಡಿಗೆ ನನ್ನ ಆಯ್ಕೆ ಇದೇ, ಬೇರೆ ಯೋಚನೆ ಬೇಡ.

ಸ್ವಿಚ್ ಚಿಪ್ಪನ್ನು ತಯಾರಕರ ಎಸ್‌ಡಿಕೆ (ಅವರದೇ ಸಾಫ್ಟ್‌ವೇರ್ ಕಿಟ್) ನಡೆಸುವ ಕಡೆ ಇಥ್‌ಟೂಲ್ ಮಾತು ಕೇಳುವ ಡ್ರೈವರ್ ಇರುವುದಿಲ್ಲ. ಅಲ್ಲಿ ಆಪ್ಟೋಇ ಅನ್ನುವ ಕರ್ನಲ್ ಡ್ರೈವರ್ ಬೇಕು. ಸ್ವಿಚ್‌ಗಳ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಸಾನಿಕ್ ಕೂಡ ಇದನ್ನೇ ಬಳಸುತ್ತದೆ. ಮಾಡ್ಯೂಲಿನ ಎಲ್ಲ ಪುಟಗಳನ್ನೂ ಒಂದೇ ಉದ್ದನೆಯ ಫೈಲಿನಂತೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ತೋರಿಸುತ್ತದೆ. ಪುಟ ಬದಲಿಸಿ ಓದುವಷ್ಟು ಹೊತ್ತು ತಾನೇ ಲಾಕ್ ಹಿಡಿಯುತ್ತದೆ. ಅದೇ ಎರಡು ಸ್ಕ್ರಿಪ್ಟ್‌ಗಳನ್ನು ಇದರ ಮೇಲೆ ಓಡಿಸಿದರೆ ಹೆಸರು ಕೆಡಲಿಲ್ಲ.

ಆದರೆ ಲಾಕ್ ಇರುವುದು ಒಂದು ಓದಿಗೆ ಅಥವಾ ಒಂದು ಬರಹಕ್ಕೆ ಮಾತ್ರ. 86ನೇ ಬೈಟ್ ತೆಗೆದುಕೊಳ್ಳಿ. ಅದರ ಕೆಳಗಿನ ನಾಲ್ಕು ಬಿಟ್ ನಾಲ್ಕು ಲೇನ್‌ಗಳ (ಡೇಟಾ ಸಾಲುಗಳ) ಲೇಸರ್ ಆಫ್ ಮಾಡುತ್ತವೆ. ಒಂದು ಪ್ರೋಗ್ರಾಂ ಬೈಟ್ ಓದಿ, 1ನೇ ಲೇನ್ ಆಫ್ ಮಾಡಿ, ತಿರುಗಿ ಬರೆಯುವಷ್ಟರಲ್ಲಿ ಇನ್ನೊಂದು 2ನೇ ಲೇನ್ ಆಫ್ ಮಾಡಿದ್ದರೆ, ಎರಡನೆಯದರ ಕೆಲಸ ಅಳಿಸಿಹೋಗುತ್ತದೆ. ಆರಿದೆ ಅಂದುಕೊಂಡ ಲೇಸರ್ ಉರಿಯುತ್ತಿರುತ್ತದೆ. 1310 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಬರೆಯುವ ಹಕ್ಕು ಒಂದೇ ಡೀಮನ್‌ಗೆ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂಗೆ) ಇರಲಿ. ಉಳಿದವರೆಲ್ಲ ಆ ಡೀಮನ್‌ನನ್ನು ಕೇಳಲಿ.

ರೀಸೆಟ್ ಮತ್ತು ಲೋ ಪವರ್ ಪಿನ್‌ಗಳು ಬೇರೆ ಕಥೆ, ಅವು ಐ2ಸಿ ಮೆಮೊರಿಯಲ್ಲಿಲ್ಲ. ಜಿಪಿಐಒ (ಪ್ರೋಗ್ರಾಂನಿಂದ ಏರಿಸಿ ಇಳಿಸಬಹುದಾದ ಪಿನ್) ಕ್ಯಾರೆಕ್ಟರ್ ಡಿವೈಸ್ ಎಂಬ ಫೈಲ್ ಮೂಲಕ ಹಿಡಿದರೆ ಆ ಲೈನ್ ಒಬ್ಬರ ಕೈಯಲ್ಲೇ ಇರುತ್ತದೆ, ಇನ್ನೊಬ್ಬರು ಕೇಳಿದರೆ 'ಬ್ಯುಸಿ' ಬರುತ್ತದೆ. ಜಿಪಿಐಒಗೆ ಇರುವ ಹಳೆಯ ಸಿಸ್‌ಎಫ್‌ಎಸ್ ದಾರಿಗಿಂತ ಇದು ಎಷ್ಟೋ ವಾಸಿ. ಆದರೆ ಪ್ರೋಗ್ರಾಂ ಸತ್ತಾಗ ಲೈನ್ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಖಾತ್ರಿ ಇಲ್ಲ, ಆದ್ದರಿಂದ ಇದನ್ನೂ ಅದೇ ಡೀಮನ್ ಹಿಡಿದಿರಬೇಕು. ರೀಸೆಟ್ ಆದ ಮಾಡ್ಯೂಲ್‌ನಲ್ಲಿ 86ನೇ ಬೈಟ್ ಮತ್ತೆ ಸೊನ್ನೆ ಆಗುತ್ತದೆ, ಅಂದರೆ ಆಫ್ ಮಾಡಿಟ್ಟ ಲೇಸರ್ ತಿರುಗಿ ಹೊತ್ತಿಕೊಳ್ಳಬಹುದು. ಅದಕ್ಕೇ ನನ್ನ ಡೀಮನ್‌ನಲ್ಲಿ ಲೋ ಪವರ್ ಪಿನ್ ಏರಿಸಿಟ್ಟೇ ರೀಸೆಟ್ ಬಿಡುತ್ತೇನೆ. ಆಮೇಲೆ 86ನೇ ಬೈಟ್ ಬರೆದು, ತಿರುಗಿ ಓದಿ, ಸರಿಯಿದ್ದರೆ ಮಾತ್ರ ಪಿನ್ ಇಳಿಸುತ್ತೇನೆ.