ಕಾವಿ ಗೆರೆಗೆ ಯಾವ ಬಟ್ಟೆ?

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿರುವ ಕಾವಿ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಮೂರು ದೊಡ್ಡ ಪರದೆಗಳ ಮೇಲೆ ಮೂಡಿಸಿ, ನೋಡುವವರು ಅವುಗಳ ನಡುವೆಯೇ ನಿಲ್ಲುವಂತೆ ಒಂದು ಪ್ರದರ್ಶನ ಮಾಡಿದೆವು. ಮೊದಲು ಶಿರಸಿಯಲ್ಲಿ, ಆಮೇಲೆ ಕಾರವಾರದಲ್ಲಿ. ಒಂದೊಂದು ಪರದೆ 14 ಅಡಿ ಅಗಲ, 8 ಅಡಿ ಎತ್ತರ. ಸಿದ್ಧ ಪರದೆ ಕೊಳ್ಳುವಷ್ಟು ಹಣವಿರಲಿಲ್ಲ. ಬಟ್ಟೆ ತಂದು ಹೊಲಿಸಿದೆವು.

ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಅದನ್ನು ಗೀರಿ ಅಡಿಯ ಬಿಳಿಯನ್ನು ಹೊರತರುವ ಕಲೆ ಕಾವಿ. ಇರುವುದು ಎರಡೇ ಬಣ್ಣ. ಬಟ್ಟೆಯ ಬಿಳುಪು ಸುಣ್ಣದ ಬಿಳುಪನ್ನು ಹೋಲಬೇಕು, ಗೀರಿದ ಗೆರೆ ಮಸುಕಾಗಬಾರದು. ನಾನು ಬಟ್ಟೆಗಳನ್ನು ಅಳೆದದ್ದು ಇದರಿಂದಲೇ.

ಫ್ಲೆಕ್ಸ್‌ನ ಹಿಂಬದಿಯನ್ನು ಒಂದೇ ಸಂಜೆಗೆ ಕೈಬಿಟ್ಟೆ. ಮಡಿಕೆಯ ಗುರುತು ಹೋಗಲಿಲ್ಲ, ಪ್ರೊಜೆಕ್ಟರಿನ ಬೆಳಕು ನಡುವೆ ಮಿಂಚಿತು.

ಹಾಸಿಗೆಯ ಹೊದಿಕೆಗೆ ಬಳಸುವ 108 ಇಂಚು ಅಗಲದ ಹತ್ತಿಬಟ್ಟೆಗೆ ನಾನು ಮನಸೋತೆ. ಜೋಡು ಹೊಲಿಗೆಯೇ ಬೇಡ. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಮೇಲೆ ಕೆಳಗೆ ಕೊಳವೆ ತೂರಿಸುವಷ್ಟು ಮಡಿಕೆ ಹೊಲಿಸಿದೆವು. ಚೌಕಟ್ಟಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಸಾಕಾಯಿತು. ಚಿತ್ರ ಬಿದ್ದಾಗ ಹೊಳಪಿಲ್ಲದ ಆ ಬಿಳುಪು ಗೋಡೆಯ ಸುಣ್ಣವೇ ಎನಿಸಿತು. ಹಿಂದೆ ಕಪ್ಪು ಬಟ್ಟೆ ಕಟ್ಟಿದ ಮೇಲೆ ಗೆರೆಗಳು ಇನ್ನೂ ತೀಕ್ಷ್ಣವಾದವು. ಆದರೆ ಕಾರವಾರದಲ್ಲಿ ಕಡಲಿನ ತೇವ ಹೀರಿ ಎರಡನೆಯ ಸಂಜೆಗೇ ನಡುವೆ ಜೋತುಬಿತ್ತು; ನೇರ ಕಂಬದ ಗೆರೆ ಬಳುಕಿತು. ಕಬ್ಬಿಣದ ಉಂಗುರಗಳಿದ್ದಲ್ಲೆಲ್ಲ ತುಕ್ಕಿನ ಕಲೆ ಮೂಡಿತು. ಹಿತ್ತಾಳೆಯ ಉಂಗುರ ಹಾಕಿಸಿದ್ದರೆ ಆ ಕಲೆಯಾದರೂ ತಪ್ಪುತ್ತಿತ್ತು.

ಹಿಗ್ಗುವ ಲೈಕ್ರಾ ಬಟ್ಟೆ ಇದಕ್ಕೆ ತದ್ವಿರುದ್ಧ. ಚೌಕಟ್ಟಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ ಎಳೆದು ಕಟ್ಟಿದರೆ ಒಂದು ಸುಕ್ಕೂ ಉಳಿಯುವುದಿಲ್ಲ. ಕಡಲ ಗಾಳಿಗೂ ಜಗ್ಗಲಿಲ್ಲ. ಆದರೆ ಅಗಲ 60 ಇಂಚು ಮಾತ್ರ, ಎರಡು ಪಟ್ಟಿ ಸೇರಿಸಲೇಬೇಕು. ಮೊದಲ ಸಲ ದರ್ಜಿ ಸಾದಾ ನೇರ ಹೊಲಿಗೆ ಹಾಕಿದರು. ಎಳೆಯುತ್ತಿದ್ದಂತೆ ದಾರ ಪಟಪಟನೆ ಕಿತ್ತುಬಂತು. ಜಿಗ್‌ಜಾಗ್ ಹೊಲಿಗೆ ಬಟ್ಟೆಯೊಡನೆ ತಾನೂ ಹಿಗ್ಗಿತು. ಜೋಡಿಸಿದ ಗೆರೆ ಸರಿಯಾಗಿ ಆನೆಯ ಕಣ್ಣಿನ ಮೇಲೆ ಹಾದುಹೋಗಿತ್ತು; ಅದನ್ನು ಬಿಚ್ಚಿ, ನೆಲದಿಂದ ಮೂರು ಅಡಿ ಎತ್ತರಕ್ಕೆ ಇಳಿಸಿದೆವು. ಅಡಿಕೆ ದಬ್ಬೆಯ ಸಿಬಿರಿಗೆ ಸಿಕ್ಕಿ ಒಂದು ಮೂಲೆ ಹರಿಯಿತು, ಹಾಗಾಗಿ ಇದಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೇ ಆಗಬೇಕು. ಕಟ್ಟುಗಳ ನಡುವೆ ಅಂತರ ಹೆಚ್ಚಾದರೆ ಅಂಚು ಒಳಕ್ಕೆ ಬಾಗುತ್ತದೆ. ಗೇಣಿಗೊಂದು ಕಟ್ಟು ಬೇಕು. ಹೊಳಪಿನ ಮಗ್ಗುಲನ್ನು ಹಿಂದಕ್ಕೆ ಮಾಡಿದರೂ ಸುಣ್ಣದ ಆ ಮೃದು ಬಿಳುಪು ಇದರಲ್ಲಿ ಬರಲಿಲ್ಲ.

ಶಿರಸಿಯಲ್ಲಿ ಹೋಳಿಯ ಹೊತ್ತಿಗೆ ನಡೆಯುವ ಬೇಡರ ವೇಷದ ಕುಣಿತವನ್ನು ಗಾಳಿಯಲ್ಲಿ ನಿಂತಂತೆ ತೋರಿಸಲು ಸೊಳ್ಳೆಪರದೆಯ ಬಲೆ ಕಟ್ಟಿ ನೋಡಿದೆವು. ಬಿಳಿ ಬಲೆ ತಾನೇ ಎದ್ದು ಕಂಡಿತು. ಕಪ್ಪು ಬಲೆ ಕತ್ತಲಲ್ಲಿ ಕರಗಿ ವೇಷಧಾರಿ ಮಾತ್ರ ಉಳಿದ. ಕಾವಿಗೆ ಮಾತ್ರ ಬಲೆ ಒಗ್ಗುವುದಿಲ್ಲ, ಗೆರೆಯೇ ಸಿಗುವುದಿಲ್ಲ.

ಈಗ ಕರಾವಳಿಗೆ ಹೋಗುವಾಗ ಲೈಕ್ರಾ ಒಯ್ಯುತ್ತೇನೆ, ಘಟ್ಟದ ಮೇಲೆ ಬೇಸಿಗೆಯಾದರೆ ಹತ್ತಿ. ಯಾವುದೇ ಆಗಲಿ, ಮೂರು ಕಡೆಯೂ ಅಚ್ಚ ಬಿಳಿ ಕಟ್ಟುವುದಿಲ್ಲ. ಒಂದರ ಬೆಳಕು ಇನ್ನೊಂದಕ್ಕೆ ಬಡಿದು ಕಾವಿಯ ಕೆಂಪು ಗುಲಾಬಿಯಾಗಿಬಿಡುತ್ತದೆ. ಎದುರಿನದು ಬಿಳಿ, ಅಕ್ಕಪಕ್ಕದವು ತಿಳಿ ಬೂದು ಬಣ್ಣದವು. ಹೀಗೆ ಕಟ್ಟಿದ ಸಂಜೆ ಕೆಂಪು ಮತ್ತೆ ಮಣ್ಣಿನ ಬಣ್ಣಕ್ಕೆ ಬಂತು.