ಬಾಲ್ಸಾ, ಸನ್‌ಪ್ಯಾಕ್, ಅಡಿಕೆ ಹಾಳೆ: ರಾಕೆಟ್ ರೆಕ್ಕೆಗೆ ಯಾವುದು?

ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದ ಭಾವ ಅಮೆರಿಕದಿಂದ ಒಂದು ಮಾದರಿ ರಾಕೆಟ್ ಕಿಟ್ ತಂದುಕೊಟ್ಟರು. ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಎಂಬ ಹಗುರ ಮರದ ತೆಳ್ಳನೆಯ ಹಲಗೆ, ಅಂಗೈಯಗಲದ ಪ್ಯಾರಾಚೂಟು, ಎಲ್ಲ ಇತ್ತು. ಮೋಟರ್ ಮಾತ್ರ ಇರಲಿಲ್ಲ. ಅದರೊಳಗೆ ಇರುವುದು ಕರಿಮದ್ದು. ವಿಮಾನದ ಬ್ಯಾಗಿನಲ್ಲಿ ಅದನ್ನು ತರುವಂತಿಲ್ಲ.

ಕಿಟ್ಟಿನ ಹಾಳೆಯಲ್ಲಿ ಮೋಟರಿನ ಹೆಸರು ಬಿ6-4 ಎಂದಿತ್ತು. ಬಿ ಅಂದರೆ ಒಟ್ಟು ತಳ್ಳುವಿಕೆ 5 ನ್ಯೂಟನ್-ಸೆಕೆಂಡ್ ದಾಟದ ಗುಂಪು. 6 ಅಂದರೆ ಸರಾಸರಿ 6 ನ್ಯೂಟನ್ ತಳ್ಳುವ ಬಲ. 4 ಅಂದರೆ ಮದ್ದು ಉರಿದು ಮುಗಿದ ಮೇಲೆ ಪ್ಯಾರಾಚೂಟು ಹೊರಬರಲು 4 ಸೆಕೆಂಡ್. ಇಷ್ಟು ಅಚ್ಚುಕಟ್ಟಾದ ಮೋಟರಿನ ಬದಲಿಗೆ ಗರ್ನಾಲಿನ ಮದ್ದು ತುಂಬಿಸಿದರೆ ಹೇಗೆ ಎಂದು ಪಕ್ಕದ ಮನೆಯ ಹುಡುಗ ಕೇಳಿದ. ಅಂಥದ್ದು ದಯವಿಟ್ಟು ಯಾರೂ ಮಾಡಬೇಡಿ. ಅದು ತಳ್ಳುವ ಮದ್ದಲ್ಲ, ಸಿಡಿಯುವ ಮದ್ದು. ಕೈ ಹೋಗುತ್ತದೆ.

ನಾವು ನೀರಿನ ದಾರಿ ಹಿಡಿದೆವು. 2 ಲೀಟರಿನ ತಂಪು ಪಾನೀಯದ ಬಾಟಲಿ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪಿನಿಂದ 60 ಪಿಎಸ್ಐ (ಚದರ ಇಂಚಿಗೆ 60 ಪೌಂಡ್) ಒತ್ತಡದ ಗಾಳಿ. ಕುಡಿಯುವ ನೀರಿನ ಬಾಟಲಿ ಆಗದು, ಅದರ ಗೋಡೆ ತೆಳು. ಬಾಟಲಿಯ ಮೇಲೆ ಕಿಟ್ಟಿನ ಕೊಳವೆ ಮತ್ತು ಮೂತಿ ಕೂರಿಸಿದೆವು. ಕಿಟ್ಟಿನ ರೆಕ್ಕೆಯ ನಕ್ಷೆಯನ್ನು ಬಾಟಲಿಗೆ ಹೊಂದುವಷ್ಟು ದೊಡ್ಡದು ಮಾಡಿ ಮೂರು ಬಗೆಯ ರೆಕ್ಕೆ ಮಾಡಿದೆವು. ಬಾಲ್ಸಾದ್ದು, ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ, ಎರಡು ಪದರದ ನಡುವೆ ಟೊಳ್ಳಿರುವ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನದ್ದು, ಮತ್ತೆ ನಮ್ಮ ತೋಟದ ಅಡಿಕೆ ಹಾಳೆಯದ್ದು. ಆಕಾರ ಒಂದೇ, ಬಾಟಲಿ ಒಂದೇ ಜಾತಿಯದ್ದು, ನೀರು ಅಳೆದು 650 ಮಿಲಿ. ಪ್ರತಿಯೊಂದನ್ನೂ ಐದೈದು ಸಲ ಹಾರಿಸುವುದು ಎಂದು ಮೊದಲೇ ಮಾತಾಗಿತ್ತು.

ನೀರಿನ ರಾಕೆಟ್ ಅಂದರೆ ಮಕ್ಕಳಾಟ ಅಂದುಕೊಳ್ಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬಾಟಲಿಯ ಬಾಯಿ ಸುಮಾರು 22 ಮಿಮೀ ಅಗಲ. 60 ಪಿಎಸ್ಐ ಒತ್ತಡದಲ್ಲಿ ನೀರು ಹೊರಗೆ ಹಾರುವಾಗ ಮೊದಲ ಕ್ಷಣದ ತಳ್ಳುವಿಕೆ 300 ನ್ಯೂಟನ್ ಹತ್ತಿರ ಬರುತ್ತದೆ. ಅಂದರೆ 30 ಕೆಜಿ ತೂಕದಷ್ಟು. ಕಿಟ್ಟಿನ ಮೋಟರಿನ ಸರಾಸರಿ 6 ನ್ಯೂಟನ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ನಿಜ, ಆದರೆ ಆ ಕ್ಷಣದಲ್ಲಿ ರೆಕ್ಕೆಯ ಬುಡಕ್ಕೆ ಬೀಳುವ ಜಗ್ಗುವಿಕೆ ಸಣ್ಣದಲ್ಲ. ಅದಕ್ಕೇ ಅಂಟಿಸುವ ಕ್ರಮ ರೆಕ್ಕೆಯಷ್ಟೇ ಮುಖ್ಯ.

ಮೊದಲು ಬಾಲ್ಸಾ. ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. 3 ಮಿಮೀ ದಪ್ಪದ ಮೂರು ರೆಕ್ಕೆ ಸೇರಿ 9 ಗ್ರಾಂ. ಬ್ಲೇಡಿನಲ್ಲಿ ಕೊಯ್ಯಬಹುದು, ಮರಳು ಕಾಗದದಲ್ಲಿ ನಾಲ್ಕು ಸಲ ಉಜ್ಜಿದರೆ ಅಂಚು ದುಂಡಗಾಗುತ್ತದೆ. ಮರದ ನಾರು ರೆಕ್ಕೆಯ ಮುಂದಿನ ಅಂಚಿಗೆ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಬುಡದಲ್ಲೇ ಲಟಕ್ಕೆಂದು ಮುರಿಯುತ್ತದೆ. ಕಿಟ್ಟಿನವರು ಒಂದು ಒಳ್ಳೆಯ ಕ್ರಮವನ್ನೂ ಕಲಿಸುತ್ತಾರೆ. ಬುಡಕ್ಕೂ ಕೊಳವೆಗೂ ಮೊದಲು ತೆಳ್ಳಗೆ ಬಿಳಿ ಅಂಟು ಸವರಿ ಒಣಗಲು ಬಿಡಬೇಕು. ಆಮೇಲೆ ಇನ್ನೊಮ್ಮೆ ಸವರಿ ಒತ್ತಿ ಹಿಡಿಯಬೇಕು. ಮೊದಲ ಸಲದ ಅಂಟು ನಾರಿನೊಳಗೆ ಇಳಿದಿರುತ್ತದೆ, ಎರಡನೆಯದು ಅದನ್ನು ಗಟ್ಟಿ ಹಿಡಿಯುತ್ತದೆ. ರಟ್ಟಿನ ಮೇಲೆ ಇದು ಬಹಳ ಚೆನ್ನಾಗಿ ಕೂರುತ್ತದೆ. ಬಾಟಲಿಯ ಪ್ಲಾಸ್ಟಿಕ್ ಮೇಲೆ ಮಾತ್ರ ಕೂರುವುದಿಲ್ಲ. ಉಜ್ಜಿ ಒರಟು ಮಾಡಿದರೂ ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಹಾಗಾಗಿ ಬಾಲ್ಸಾಕ್ಕೆ ದಪ್ಪ ಕಾಗದದ ಬಳೆ ಮಾಡಿ ಬಾಟಲಿಗೆ ತೊಡಿಸಬೇಕಾಯಿತು.

ಸನ್‌ಪ್ಯಾಕ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಚುನಾವಣೆ ಮುಗಿದ ಮೇಲೆ ರಸ್ತೆ ಬದಿಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಮೂರು ರೆಕ್ಕೆಗೆ 10 ಗ್ರಾಂ. ಒಂದು ಪದರ ಮಾತ್ರ ಕೊಯ್ದು ಮಡಚಿದರೆ ಬಾಟಲಿಗೆ ಅಂಟಿಸುವ ಕಾಲು ತಾನಾಗಿ ಸಿಗುತ್ತದೆ. ಎರಡೂ ಬದಿ ಅಂಟುವ ಟೇಪ್ ಹಾಕಿ ಒತ್ತಿದರೆ ಮುಗಿಯಿತು. ನೀರಿಗೆ ಹೆದರುವುದಿಲ್ಲ. ಅರ್ಧ ಗಂಟೆಯ ಕೆಲಸ.

ಹಾಳೆಗೆ ನಮಗೆ ಹದಿನೆಂಟು ದಿನ ಹಿಡಿಯಿತು.

ಬಿದ್ದ ಹಾಳೆಯನ್ನು ಹಾಗೇ ಕತ್ತರಿಸಿದರೆ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ರಾತ್ರಿ ತೊಟ್ಟಿಯಲ್ಲಿ ನೆನೆಸಿದೆವು. ಒಳಮೈಯ ನುಣುಪು ಪೊರೆ ಸುಲಿದು ತೆಗೆದೆವು, ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಅರೆಯುವ ಕಲ್ಲು ಹೇರಿದೆವು. ಬಿಸಿಲಿಗೆ ಇಡಬೇಡ, ನೆರಳಲ್ಲಿ ಒಣಗಲಿ ಎಂದು ದೊಡ್ಡಪ್ಪ ಹೇಳಿದರು. ಚಿಕ್ಕಂದಿನಲ್ಲಿ ಅವರು ಹಾಳೆ ಟೊಪ್ಪಿ ಕಟ್ಟುತ್ತಿದ್ದವರು. ಹಾಳೆಯ ನಾರು ಯಾವ ಕಡೆ ಓಡುತ್ತದೆ ಎಂದು ಬೆರಳಲ್ಲೇ ತಿಳಿದುಬಿಡುತ್ತಾರೆ.

ಮೊದಲ ರೆಕ್ಕೆ ಬರಿಯ ಹಾಳೆಯದ್ದು. ಹಾರುವಾಗ ಚೆನ್ನಾಗಿತ್ತು. ನೆಲ ಮುಟ್ಟಿದ ಕೂಡಲೇ ನಾರಿನ ಉದ್ದಕ್ಕೂ ಸೀಳಿತು. ಸೋಗೆ ಸೀಳಿದಷ್ಟು ಸಲೀಸು.

ಹಾಗಾದರೆ ಪ್ಲೈವುಡ್ ಮಾಡುವ ಹಾಗೆ ಮಾಡೋಣ ಅಂದುಕೊಂಡೆವು. ತೆಳು ಹಾಳೆ ಎರಡು, ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ. ಅಂಟಿಸಿ ಕಲ್ಲು ಹೇರಿದೆವು. ಮೂರನೇ ದಿನ ಕಲ್ಲು ತೆಗೆದಾಗ ಸಪಾಟಾಗಿತ್ತು. ಸಂಜೆಯ ಹೊತ್ತಿಗೆ ಹಪ್ಪಳದ ಹಾಗೆ ಬಾಗಿಕೊಂಡಿತು. ಕಾರಣ ಸರಳ. ಹಾಳೆ ಒಣಗುವಾಗ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಕಡಿಮೆ. ಎರಡೇ ಪದರ ಇದ್ದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಪ್ಲೈವುಡ್‌ನಲ್ಲಿ ಮೂರು, ಐದು ಎಂದು ಬೆಸ ಪದರ ಇರುವುದು ಇದಕ್ಕೇ ಅಲ್ವಾ! ಮೂರು ಪದರ ಮಾಡಿದರೆ ಬಾಗುವುದಿಲ್ಲ, ಆದರೆ ತೂಕ ಬಾಟಲಿಗೆ ಹೊರೆಯಾಗುತ್ತದೆ.

ದಾರಿ ತೋರಿಸಿದ್ದು ಬಾಲ್ಸಾ. ಕಿಟ್ ಕಟ್ಟುವವರು ಬಾಲ್ಸಾ ರೆಕ್ಕೆಗೆ ಎರಡೂ ಬದಿ ಕಾಗದ ಅಂಟಿಸುವ ರೂಢಿ ಇದೆ. ನಾರಿನ ಸಂದು ಮುಚ್ಚುತ್ತದೆ, ಗಟ್ಟಿಯೂ ಆಗುತ್ತದೆ. ಅದನ್ನೇ ಒಂಟಿ ಹಾಳೆಗೆ ಮಾಡಿದೆವು. ನಾರು ಬುಡದಿಂದ ಹೊರಕ್ಕೆ ಓಡುವಂತೆ ಕತ್ತರಿಸಿ, ಎರಡೂ ಬದಿಗೆ ಕಂದು ಕಾಗದ ಅಂಟಿಸಿ, ಮತ್ತೆ ಕಲ್ಲಿನ ಕೆಳಗೆ ಇಟ್ಟೆವು. ಎರಡೂ ಬದಿ ಒಂದೇ ಹೊತ್ತಿಗೆ ಅಂಟಿಸಬೇಕು. ಒಂದು ಬದಿ ಇವತ್ತು, ಇನ್ನೊಂದು ನಾಳೆ ಎಂದರೆ ಪುನಃ ಬಾಗುತ್ತದೆ. ಈ ಸಲ ಬಾಗಲಿಲ್ಲ. ಕೈಯಲ್ಲಿ ಸೀಳಲು ನೋಡಿದೆ, ಸೀಳಲಿಲ್ಲ. ಆ ಸಂಜೆ ನನಗಾದ ಖುಷಿ ದೊಡ್ಡದು.

ಹಾಳೆಯ ಇನ್ನೊಂದು ಗುಣ ಬಾಲ್ಸಾಕ್ಕೆ ಇಲ್ಲ. ಒದ್ದೆ ಮಾಡಿದರೆ ಬಗ್ಗುತ್ತದೆ, ಒಣಗಿದರೆ ಬಗ್ಗಿದಲ್ಲೇ ನಿಲ್ಲುತ್ತದೆ. ಕಾಗದ ಅಂಟಿಸುವ ಮೊದಲೇ ರೆಕ್ಕೆಯ ಬುಡವನ್ನು ಮೂರು ಪಟ್ಟಿಯಾಗಿ ಕೊಯ್ದು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಮಡಚಿ ಒಣಗಿಸಿದ್ದೆವು. ಇನ್ನೊಂದು ಬಾಟಲಿಯ ನಡುಭಾಗ ಕೊಯ್ದು ಬಳೆ ಮಾಡಿ, ದಬ್ಬಣದಲ್ಲಿ ತೂತು ಹಾಕಿ, ಮೀನಿನ ಗಾಳಕ್ಕೆ ಕಟ್ಟುವ ತಂಗೂಸಿನಿಂದ ಹೊಲಿದೆವು. ಅಂಟೇ ಬೇಡ. ಗಾಳಿ ತುಂಬುವ ಬಾಟಲಿಗೆ ಮಾತ್ರ ಸೂಜಿ ತಾಗಿಸಬಾರದು, ಬಿಸಿ ಅಂಟೂ ಹಾಕಬಾರದು. ಬಿಸಿಗೆ ಅದರ ಗೋಡೆ ಸಡಿಲವಾಗುತ್ತದೆ, ಒತ್ತಡಕ್ಕೆ ಒಡೆಯುತ್ತದೆ. ಬಾಲ್ಸಾಕ್ಕೆ ಹೊಲಿಗೆ ಹಾಕಿ ನೋಡಿದ್ದೆ. ನೂಲು ಮರವನ್ನೇ ಕೊಯ್ದುಬಿಟ್ಟಿತು.

ತೂಕದಲ್ಲಿ ಹಾಳೆ ಸೋತಿತು. ಮೂರು ರೆಕ್ಕೆಗೆ 22 ಗ್ರಾಂ. ಹಿಂದೆ ತೂಕ ಹೆಚ್ಚಾದರೆ ರಾಕೆಟ್ ನೆಟ್ಟಗೆ ಹೋಗುವುದಿಲ್ಲ. ಅದರ ತೂಕದ ನಡು, ಗಾಳಿ ತಳ್ಳುವ ನಡುವಿಗಿಂತ ಮುಂದೆ ಇರಬೇಕು, ಕಡಿಮೆಯೆಂದರೆ ಕೊಳವೆಯ ಅಗಲದಷ್ಟು. ಗಾಳಿಯ ನಡುವನ್ನು ಲೆಕ್ಕ ಹಾಕುವ ಸೂತ್ರವನ್ನು ಹವ್ಯಾಸಿಗಳಿಗೆ ಕೊಟ್ಟವರು ಜೇಮ್ಸ್ ಬ್ಯಾರೋಮನ್, 1966ರಲ್ಲಿ. ನಾವು ಅದಕ್ಕಿಂತ ಹಳೆಯ ಉಪಾಯ ಮಾಡಿದೆವು. ರಾಕೆಟಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಬೆರಳ ಮೇಲೆ ತೂಗಿಸಿ ನೋಡಿದೆವು. ಅದು ನಿಲ್ಲುವ ಜಾಗ ಗಾಳಿಯ ನಡುವಿಗೆ ಹತ್ತಿರ. ಆಮೇಲೆ ತೂಕದ ನಡುವಿಗೆ ನೂಲು ಕಟ್ಟಿ ತಲೆಯ ಸುತ್ತ ತಿರುಗಿಸಿದೆವು. ಬಾಲ್ಸಾ, ಸನ್‌ಪ್ಯಾಕ್ ಎರಡೂ ಮೂತಿ ಮುಂದೆ ಮಾಡಿ ತಿರುಗಿದವು. ಹಾಳೆಯದ್ದು ಅಡ್ಡಾದಿಡ್ಡಿ ಸುತ್ತಿತು. ಮೂತಿಯೊಳಗೆ ಎರಡು ಕಬ್ಬಿಣದ ನಟ್ಟು ಹಾಕಿದ ಮೇಲೆ ಸರಿಯಾಯಿತು.

ಹಾರಿಸಿದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಪದವಿನಲ್ಲಿ, ಅಂದರೆ ಬೋಳು ಗುಡ್ಡದ ಬಯಲಿನಲ್ಲಿ. ಮರವಿಲ್ಲ, ತಂತಿಯಿಲ್ಲ, ಮುಳಿಹುಲ್ಲು ಮತ್ತು ಕೆಂಪುಕಲ್ಲು. ತೋಟದ ಹತ್ತಿರ ಹಾರಿಸಿದರೆ ದೋಟಿ ಹಿಡಿದು ಅಡಿಕೆ ಮರದಿಂದ ಇಳಿಸುವುದೇ ಕೆಲಸವಾಗುತ್ತದೆ. 50 ಮೀಟರ್ ದೂರದಲ್ಲಿ ತಂಗಿಯ ಮಗಳು ಕೋನಮಾಪಕಕ್ಕೆ ನೂಲು, ಕಲ್ಲು ಕಟ್ಟಿಕೊಂಡು ನಿಂತಳು. ಒಂಬತ್ತನೇ ಕ್ಲಾಸು ಅವಳು. ತ್ರಿಕೋನಮಿತಿ ಇನ್ನೂ ಆಗಿಲ್ಲ, ಆದರೂ ಟ್ಯಾನ್ ಕೋಷ್ಟಕ ಬರೆದುಕೊಂಡು ಬಂದಿದ್ದಳು. ಬಾಲ್ಸಾಕ್ಕೆ ಅತಿ ಹೆಚ್ಚೆಂದರೆ 39 ಡಿಗ್ರಿ. ಕಣ್ಣಿನ ಎತ್ತರ ಸೇರಿಸಿದರೆ 42 ಮೀಟರ್. ಸನ್‌ಪ್ಯಾಕ್ 38 ಡಿಗ್ರಿ, 40 ಮೀಟರಿಗೆ ಸ್ವಲ್ಪ ಜಾಸ್ತಿ. ಹಾಳೆ 32 ಡಿಗ್ರಿ, 33 ಮೀಟರಿನ ಹತ್ತಿರ.

ಇಷ್ಟಕ್ಕೇ ನಿಲ್ಲಿಸಿದ್ದರೆ ಬಾಲ್ಸಾ ಗೆದ್ದಿತು ಎಂದು ಬರೆಯುತ್ತಿದ್ದೆ. ಆದರೆ ಮೂತಿಗೆ ಕಟ್ಟಿದ ಪ್ಯಾರಾಚೂಟಿನಲ್ಲಿ ರಾಕೆಟ್ ಇಳಿಯುವಾಗ ಬಾಲ ಕೆಳಗೆ ಇರುತ್ತದೆ. ಮೊದಲು ನೆಲ ಮುಟ್ಟುವುದು ರೆಕ್ಕೆ. ಅಮೆರಿಕದಲ್ಲಿ ಹುಲ್ಲಿನ ಮೈದಾನದ ಮೇಲೆ ಇಳಿಯಲೆಂದು ಮಾಡಿದ ರೆಕ್ಕೆ ನಮ್ಮ ಕೆಂಪುಕಲ್ಲಿನ ಮೇಲೆ ಇಳಿಯಬೇಕು. ಬಾಲ್ಸಾ ಮೊದಲ ಇಳಿತದಲ್ಲೇ ಒಂದು ರೆಕ್ಕೆ ಕಳೆದುಕೊಂಡಿತು. ಅಲ್ಲೇ ಕೂತು ಅಂಟಿಸಿದೆವು. ಎರಡನೆಯ ಸಲ ಇನ್ನೊಂದು ಹೋಯಿತು. ಕಾಗದ ಹೊದಿಸಿದ ಬಾಲ್ಸಾ ಮೂರು ಇಳಿತ ತಾಳಿತು. ಆಗ ಕಾಗದದ ಬಳೆ ಒದ್ದೆಯಾಗಿ ಮೆತ್ತಗಾಗಿತ್ತು. ಸನ್‌ಪ್ಯಾಕ್ ಮುರಿಯಲೇ ಇಲ್ಲ, ಆದರೆ ಮಡಿಕೆ ಬಿತ್ತು. ಒಮ್ಮೆ ಮಡಿಕೆ ಬಿದ್ದರೆ ಅದು ಹೋಗುವುದಿಲ್ಲ. ಕೊನೆಯ ಎರಡು ಹಾರಾಟದಲ್ಲಿ ರಾಕೆಟ್ ಬುಗರಿಯಂತೆ ತಿರುಗುತ್ತಾ ಹೋಯಿತು, ಎತ್ತರವೂ ಇಳಿಯಿತು. ಹಾಳೆ ಐದಕ್ಕೆ ಐದೂ ಇಳಿದು ಬಂತು. ನೆಲಕ್ಕೆ ತಾಗಿದಾಗ ಬಗ್ಗಿ, ಪುನಃ ನೆಟ್ಟಗಾಯಿತು. ತುದಿಯ ಕಾಗದ ಸ್ವಲ್ಪ ಹರಿದದ್ದು ಬಿಟ್ಟರೆ ಏನೂ ಆಗಲಿಲ್ಲ.

ಹಾಳೆಯ ದೋಷವನ್ನೂ ಹೇಳಬೇಕು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ತೆಗೆದು ನೋಡಿದರೆ ಬೂಸಲು ಹಿಡಿದಿತ್ತು, ಒಂದು ರೆಕ್ಕೆಯ ಕಾಗದ ಎದ್ದಿತ್ತು. ಹೊಸ ಜೋಡಿಗೆ ಗೇರೆಣ್ಣೆ ಬಳಿದೆವು. ದೋಣಿಗೆ, ಮರದ ಪಕಾಸಿಗೆ ಬಳಿಯುವ ಅದೇ ಎಣ್ಣೆ. ಮೈಗೆ ತಾಗಿದರೆ ಸುಡುತ್ತದೆ, ಆದ್ದರಿಂದ ಮಕ್ಕಳ ಕೈಗೆ ಕೊಡಬಾರದು. ಒಣಗಲು ಒಂದು ವಾರ ಹಿಡಿಯಿತು. ತೂಕ ಇನ್ನೂ 3 ಗ್ರಾಂ ಏರಿತು.

ಶಾಲೆಯಲ್ಲಿ ಒಂದು ದಿನದಲ್ಲಿ ಮಾಡಿ ಹಾರಿಸಬೇಕಾದರೆ ಸನ್‌ಪ್ಯಾಕ್ ಹಿಡಿಯಿರಿ, ಬೇರೆ ಯೋಚನೆ ಬೇಡ. ಎತ್ತರದ ಸ್ಪರ್ಧೆ ಇದ್ದರೆ ಕಾಗದ ಹೊದಿಸಿದ ಬಾಲ್ಸಾ, ಜೊತೆಗೆ ಒಂದು ಜೋಡಿ ಹೆಚ್ಚುವರಿ. ನಮ್ಮ ಮನೆಯ ರಾಕೆಟಿಗೆ ಈಗ ಇರುವುದು ಹಾಳೆ. 9 ಮೀಟರ್ ಕಡಿಮೆ ಹೋದರೂ ಅದೇ ರೆಕ್ಕೆಯಲ್ಲಿ ಮತ್ತೆ ಮತ್ತೆ ಹಾರುತ್ತದೆ. ಹಾಳೆಯ ನಡುಭಾಗ ದಪ್ಪ, ಅಂಚು ತೆಳು. ನಾವು ಇಲ್ಲಿಯವರೆಗೆ ಕತ್ತರಿಸಿದ್ದು ನಡುವಿನಿಂದ. ಅಂಚಿನ ಕಡೆಯಿಂದ ತೆಗೆದರೆ 15 ಗ್ರಾಂ ಒಳಗೆ ತರಬಹುದು ಎಂದು ಕಾಣುತ್ತದೆ. ಅಂಥ ಆರು ತುಂಡು ಈಗ ಅಟ್ಟದಲ್ಲಿ ಅರೆಯುವ ಕಲ್ಲಿನ ಕೆಳಗೆ ಒಣಗುತ್ತಿವೆ.