ಚಳಿಗಾಲದಲ್ಲಿ ಬೂಮ್ ಲಿಫ್ಟ್ (ಉದ್ದ ತೋಳಿನಿಂದ ಆಳನ್ನು ಮೇಲೆತ್ತುವ ಮಷೀನ್) ಬಾಡಿಗೆಗೆ ತಗೊಳ್ಳುವವರು ದಯವಿಟ್ಟು ಓದಿ (ಕ್ಯಾಲ್ಗರಿ, ಕೆನಡಾ)

ಬಿಲ್‌ನಲ್ಲಿ ‘ಚಳಿಗಾಲದ ತಯಾರಿ’ ಅಂತ ಬೇರೆಯೇ ಒಂದು ಸಾಲು ಹಾಕಿ ದುಡ್ಡು ತಗೊಂಡರು. ಅದೇ ಮಷೀನ್ ಮೈನಸ್ 27 ಡಿಗ್ರಿ ಚಳಿಯಲ್ಲಿ ನಮ್ಮ ಹುಡುಗನನ್ನು ಮೂವತ್ತು ಅಡಿ ಮೇಲೆ ನಿಲ್ಲಿಸಿಬಿಟ್ಟಿತು. ಇನ್ನೂ ಕೋಪ ಇಳಿದಿಲ್ಲ.

ಕೆಲಸ ದೊಡ್ಡದೇನಲ್ಲ. ಎರಡಂತಸ್ತಿನ ಕಟ್ಟಡಕ್ಕೆ ಬೋರ್ಡ್ ಕೂರಿಸಿ ಲೈಟ್ ಕನೆಕ್ಷನ್ ಕೊಡಬೇಕಿತ್ತು. ಡೀಸೆಲ್ ಬೂಮ್ ಲಿಫ್ಟ್ ಕೇಳಿದೆ. ಬಾಡಿಗೆ ಯಾರ್ಡ್‌ನವರು ಎತ್ತಿ, ಇಳಿಸಿ, ತಿರುಗಿಸಿ ತೋರಿಸಿದರು. ಎಲ್ಲ ಸರಿಯಾಗೇ ಇತ್ತು. ಎಲ್ಲಿ ತೋರಿಸಿದ್ದು ಗೊತ್ತಾ? ಹೀಟರ್ ಹಾಕಿದ ಶೆಡ್ ಒಳಗೆ! ಆ ಬೆಚ್ಚಗಿನ ಜಾಗದಲ್ಲಿ ಯಾವ ಮಷೀನ್ ಓಡಲ್ಲ ಹೇಳಿ. “ಬ್ಲಾಕ್ ಹೀಟರ್ ಇದೆ ಸರ್, ರಾತ್ರಿ ಪ್ಲಗ್ ಹಾಕಿಡಿ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ” ಅಂದರು. ಬ್ಲಾಕ್ ಹೀಟರ್ ಅಂದರೆ ಎಂಜಿನನ್ನು ಬೆಚ್ಚಗಿಡುವ ಕರೆಂಟ್ ಹೀಟರ್. ಬಾನೆಟ್ ಸಂದಿಯಿಂದ ಅದರ ಪ್ಲಗ್ ನೇತಾಡುತ್ತಿತ್ತು. ನೋಡಿದೆ, ನಂಬಿದೆ.

ರಾತ್ರಿಯೆಲ್ಲ ಪ್ಲಗ್ ಹಾಕಿಟ್ಟೆವು. ಬೆಳಿಗ್ಗೆ ಎಂಜಿನ್ ಒಂದು ಸುತ್ತು ನರಳಿ ಸುಮ್ಮನಾಯಿತು. ಫೋನ್ ಮಾಡಿದರೆ “ಬೂಸ್ಟ್ ಕೊಡಿ” ಅಂದರು. ಪಿಕಪ್ ಬ್ಯಾಟರಿಯಿಂದ ಕೇಬಲ್ ಹಾಕಿ ಬೂಸ್ಟ್ ಕೊಟ್ಟೆವು. ಮ್ಯಾನ್ಯುಯಲ್‌ನಲ್ಲಿ ಇರುವ ಹಾಗೆ ಬಿಸಿ ಮಾಡಿದೆವು. ಕೆಳಗಿನ ಕಂಟ್ರೋಲ್‌ನಿಂದಲೇ ಬೂಮ್ ನಿಧಾನಕ್ಕೆ ಆಡಿಸಿದೆವು. ಎಂಜಿನ್ ಕೈಕೊಟ್ಟರೆ ಬೂಮ್ ಇಳಿಸುವ ಎಮರ್ಜೆನ್ಸಿ ಪಂಪ್ ಒತ್ತಿ ನೋಡಿದೆವು, ಅದೂ ಆಡಿತು. ಆಮೇಲೇ ಹುಡುಗ ಬೆಲ್ಟ್ ಕಟ್ಟಿಕೊಂಡು ಮೇಲೆ ಹೋಗಿದ್ದು.

ಬೋರ್ಡ್ ಅರ್ಧ ಕೂರಿಸಿದ್ದ, ಎಂಜಿನ್ ನಿಂತಿತು. ಮತ್ತೆ ಹತ್ತಲೇ ಇಲ್ಲ. ಎಮರ್ಜೆನ್ಸಿ ಪಂಪ್ ಒತ್ತಿದರೆ ಬೂಮ್ ಒಂದು ಗೇಣು ಇಳಿದು ಅಲ್ಲೇ ನಿಂತಿತು. ಆ ಪಂಪ್ ಓಡುವುದೇ ಬ್ಯಾಟರಿಯಿಂದ. ಮೈನಸ್ 18ಕ್ಕೇ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧ ಆಗುತ್ತೆ. ಇವರು ಕೊಟ್ಟಿದ್ದು ಹಳೇ ಬ್ಯಾಟರಿ, ಜೊತೆಗೆ ಹೈಡ್ರಾಲಿಕ್ ಆಯಿಲ್ ಬೇರೆ ಗಟ್ಟಿಯಾಗಿರುತ್ತೆ. ಮೇಲೆ ಗಾಳಿ. “ಅಣ್ಣಾ, ಕೈ ಮರಗಟ್ಟುತ್ತಿದೆ” ಅಂತ ಅವನು ಕೂಗುತ್ತಿದ್ದಾನೆ. ಕೆಳಗೆ ಕೆಲಸ ಕೊಟ್ಟ ಮಾಲೀಕರು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಮುಖ ಎಲ್ಲಿ ಇಟ್ಟುಕೊಳ್ಳಲಿ? ಮತ್ತೆ ಪಿಕಪ್ ತಂದು ಬೂಸ್ಟ್ ಕೊಟ್ಟು, ಪಂಪ್‌ನಲ್ಲೇ ಇಂಚಿಂಚು ಇಳಿಸಿದೆವು.

ಮೆಕ್ಯಾನಿಕ್ ಬಂದಿದ್ದು ಮಧ್ಯಾಹ್ನ. ಫ್ಯುಯೆಲ್ ಫಿಲ್ಟರ್ ಬಿಚ್ಚಿದ. ಒಳಗೆ ಡೀಸೆಲ್ ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು. ಟ್ಯಾಂಕ್‌ನಲ್ಲಿದ್ದದ್ದು ಬೇಸಿಗೆ ಡೀಸೆಲ್, ಯಾವಾಗ ತುಂಬಿಸಿದ್ದೋ ಏನೋ. ಆಮೇಲೆ ನಾನು ಆ ಪ್ಲಗ್ ವೈರ್ ಹಿಡಿದು ಒಳಗೆ ಎಲ್ಲಿಗೆ ಹೋಗುತ್ತೆ ಅಂತ ನೋಡಿದೆ. ಎಂಜಿನ್‌ವರೆಗೆ ಹೋಗಿರಲೇ ಇಲ್ಲ. ತುದಿ ಸುಟ್ಟು ಕಪ್ಪಾಗಿತ್ತು. ಕತ್ತರಿಸಿ, ಟೇಪ್ ಸುತ್ತಿ, ಫ್ರೇಮ್‌ಗೆ ಜಿಪ್ ಟೈ ಹಾಕಿ ಕಟ್ಟಿದ್ದರು. ಯಾರೋ ಕೈಯಾರೆ ಕಟ್ಟಿದ್ದು ಅದು. ಹೊರಗೆ ಪ್ಲಗ್ ನೇತಾಡಲಿ ಅಂತ ಬಿಟ್ಟಿದ್ದಾರೆ. ರಾತ್ರಿಯೆಲ್ಲ ನಾವು ಪ್ಲಗ್ ಹಾಕಿದ್ದು ಎಲ್ಲಿಗೂ ಹೋಗದ ವೈರ್‌ಗೆ! ನಾನು ದುಡ್ಡು ಕೊಟ್ಟಿದ್ದೂ ಅದಕ್ಕೇ. ಟೋಪಿ ಹಾಕಿದರು ಅಂತ ಗೊತ್ತಾಗಿದ್ದು ಆಗ. ಮೆಕ್ಯಾನಿಕ್ ಅದನ್ನು ನೋಡಿ ಏನೂ ಮಾತಾಡಲಿಲ್ಲ.

ಆಫೀಸಿನವರ ಉತ್ತರ ಕೇಳಿ. ಮೊದಲು, “ನೀವು ಸರಿಯಾಗಿ ಬಿಸಿ ಮಾಡಿಲ್ಲ.” ಫೋಟೊ ಕಳಿಸಿದ ಮೇಲೆ, “ಯಾರ್ಡ್‌ನಿಂದ ಹೊರಡುವಾಗ ಮಷೀನ್ ಸರಿ ಇತ್ತು, ನೀವೇ ಸಹಿ ಹಾಕಿದ್ದೀರಿ.” ಹಾಗಾದರೆ ಚಳಿಗಾಲದ ಚಾರ್ಜ್ ಯಾಕೆ ತಗೊಂಡಿರಿ ಅಂದರೆ, “ಅದು ಸೌಲಭ್ಯದ ಚಾರ್ಜ್, ಗ್ಯಾರಂಟಿ ಅಲ್ಲ.” ಯಾವ ಸೌಲಭ್ಯ? ಕತ್ತರಿಸಿದ ವೈರಾ? ಇಷ್ಟರ ಮೇಲೆ ಮೆಕ್ಯಾನಿಕ್ ಬಂದು ಹೋಗಿದ್ದಕ್ಕೂ ನನ್ನ ಹೆಸರಿಗೆ ಬಿಲ್ ಕಳಿಸಿದ್ದಾರೆ. ಮೇಲೆ ಸಿಕ್ಕಿಕೊಂಡಿದ್ದ ಹುಡುಗ ಹೇಗಿದ್ದಾನೆ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬರೂ!

ಬೆಂಗಳೂರಿನಲ್ಲಿ ಬೂಮ್ ಲಿಫ್ಟ್ ಓಡಿಸಿ ಇಲ್ಲಿಗೆ ಬರುವ ಹುಡುಗರು ಇದ್ದಾರೆ, ಅವರಿಗೆ ಮುಖ್ಯವಾಗಿ ಹೇಳುತ್ತಿದ್ದೇನೆ. ಅಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಇಲ್ಲಿ ಮಷೀನನ್ನು ಶೆಡ್‌ನಿಂದ ಹೊರಗೆ ತರಿಸಿ, ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ ನೋಡಿ. ಬ್ಲಾಕ್ ಹೀಟರ್ ವೈರನ್ನು ಎಂಜಿನ್‌ವರೆಗೆ ಕೈಯಲ್ಲಿ ಹಿಡಿದು ನೋಡಿ, ಬರೀ ಪ್ಲಗ್ ನೋಡಬೇಡಿ. ಪ್ಲಗ್ ಹಾಕಿ ಎರಡು ಮೂರು ಗಂಟೆ ಆದ ಮೇಲೆ ಎಂಜಿನ್ ಬ್ಲಾಕ್ ಬೆಚ್ಚಗಿರಬೇಕು. ಟ್ಯಾಂಕ್‌ನಲ್ಲಿ ಚಳಿಗಾಲದ ಡೀಸೆಲ್ ಇದೆಯಾ, ಆಯಿಲ್ ಯಾವ ಗ್ರೇಡ್ ಅಂತ ಬರೆಸಿಕೊಳ್ಳಿ. ಬ್ಯಾಟರಿಗೆ ಮೀಟರ್ ಹಿಡಿಸಿ ಚೆಕ್ ಮಾಡಿಸಿ. ಎಂಜಿನ್ ಆಫ್ ಮಾಡಿಸಿ, ಬೂಮನ್ನು ಎಮರ್ಜೆನ್ಸಿ ಪಂಪ್‌ನಲ್ಲೇ ಪೂರ್ತಿ ಇಳಿಸಲು ಹೇಳಿ. ಒಂದೆರಡು ಸೆಕೆಂಡ್ ಆಡಿದರೆ ಸಾಲದು. ಎಲ್ಲ ವಿಡಿಯೊ ಮಾಡಿಕೊಳ್ಳಿ. ಇನ್ನೊಂದು, ಇಲ್ಲಿ ಚಿನೂಕ್ ಅನ್ನುವ ಬೆಚ್ಚಗಿನ ಗಾಳಿ ಬಂದರೆ ಬೆಳಿಗ್ಗೆ ಕಲ್ಲಿನಂತಿದ್ದ ಮಣ್ಣು ಮಧ್ಯಾಹ್ನ ಕೆಸರಾಗಿರುತ್ತೆ, ಚಕ್ರದ ಕೆಳಗೆ ನೋಡದೆ ಮೇಲೆ ಹೋಗಬೇಡಿ.

ಆ ಬಿಲ್ ನಾನು ಕಟ್ಟಿಲ್ಲ, ಕಟ್ಟುವುದೂ ಇಲ್ಲ. ವೈರ್ ಫೋಟೊ ಮತ್ತು ಫಿಲ್ಟರ್ ಫೋಟೊ ಅವರ ಮ್ಯಾನೇಜರ್‌ಗೆ ಮತ್ತೆ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಇದೇ ಚಾರ್ಜ್ ಕಟ್ಟಿ ಮಷೀನ್ ತಂದವರು ಯಾರಾದರೂ ಇದ್ದರೆ, ಇವತ್ತೇ ಬಾನೆಟ್ ಎತ್ತಿ ಆ ವೈರ್ ನೋಡಿ.